ಕಾಲು ನೀಡುವ ದೀನತೆ

ಕಾಲು ತೊಳೆಯುವುದು ಕಷ್ಟವೋ, ತೊಳೆಸಿಕೊಳ್ಳುವುದು ಕಷ್ಟವೋ? ಪವಿತ್ರ ಗುರುವಾರದ ಸಂಜೆ ಚರ್ಚಿನಲ್ಲಿ ಗುರುಗಳು ಮೇಲುಡುಪು ಕಳಚಿಟ್ಟು, ಸೊಂಟಕ್ಕೆ ಬಿಳಿಯ ವಸ್ತ್ರ ಸುತ್ತಿಕೊಂಡು, ಹನ್ನೆರಡು ಮಂದಿಯ ಮುಂದೆ ಒಬ್ಬೊಬ್ಬರಿಗಾಗಿ ಮಂಡಿಯೂರುತ್ತಾರೆ. ನಮ್ಮ ಗಮನವೆಲ್ಲ ಬಾಗಿದವರ ಮೇಲೆ. ಬೆಂಚಿನ ಮೇಲೆ ಕುಳಿತವರ ಮುಖವನ್ನು ನೋಡಿದ್ದೇವೆಯೇ? ಕಾಲನ್ನು ಮುಂದಕ್ಕೆ ಚಾಚುವಾಗ ಅವರಲ್ಲೊಂದು ಮುಜುಗರವಿರುತ್ತದೆ. ಮನೆಯಲ್ಲೇ ಉಜ್ಜಿ ತೊಳೆದು, ಉಗುರು ಕತ್ತರಿಸಿ ಸಿದ್ಧಪಡಿಸಿ ತಂದ ಕಾಲು ಅದು. ತೊಳೆಯಲು ಬಂದವರಿಗೆ ತೊಳೆಯುವುದಕ್ಕೇನೂ ಉಳಿದಿರಬಾರದು! ನಮ್ಮ ಕೊಳೆ ಪರರ ಕಣ್ಣಿಗೆ ಬೀಳದಿರಲಿ ಎಂಬ ಈ ಎಚ್ಚರದ ಒಳಗೆ ಅಡಗಿರುವುದೇನು?

ಕಡೆಯ ಭೋಜನದಲ್ಲಿ ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದು ನಮಗೆಲ್ಲ ತಿಳಿದದ್ದೇ. ಆ ಶಿಷ್ಯರ ನಡುವೆ ಯಾರು ದೊಡ್ಡವರೆಂಬ ಜಗಳವೂ ಅದೇ ಊಟದ ಹೊತ್ತಿನಲ್ಲಿ ಎದ್ದಿತ್ತೆಂದು ಲೂಕ ಬರೆಯುತ್ತಾನೆ. ಅದಕ್ಕೂ ಮೊದಲು ಯಾಕೋಬ, ಯೋಹಾನರು ಮಹಿಮೆಯ ದಿನದಲ್ಲಿ ತಮಗೆ ಎಡಬಲದ ಆಸನಗಳು ಬೇಕೆಂದು ಕೇಳಿದ್ದರು; ಉಳಿದ ಹತ್ತು ಮಂದಿ ಅವರ ಮೇಲೆ ಸಿಟ್ಟಾಗಿದ್ದರು. ಆ ಸಿಟ್ಟು ನ್ಯಾಯದ್ದೋ, ತಮಗಿಂತ ಮುಂಚೆ ಕೇಳಿಬಿಟ್ಟರಲ್ಲ ಎಂಬ ಸಂಕಟದ್ದೋ? ಪರರ ಸ್ವಾರ್ಥ ನಮಗೆ ಇಷ್ಟು ಬೇಗ ಕಾಣುವುದು, ಅದರ ಪರಿಚಯ ನಮಗೆ ಚೆನ್ನಾಗಿಯೇ ಇರುವುದರಿಂದ ಅಲ್ಲವೇ?

ಆದರೆ ಆ ರಾತ್ರಿ ಹೆಚ್ಚು ಸೂಕ್ಷ್ಮವಾದ ಸ್ವಾರ್ಥ ಕಂಡದ್ದು ಪೇತ್ರನಲ್ಲಿ. ಗುರು ತನ್ನ ಕಾಲು ಮುಟ್ಟಬಾರದೆಂದು ಅವನು ಹಟ ಹಿಡಿದ. ಮೇಲುನೋಟಕ್ಕೆ ಅದು ಅಪ್ಪಟ ವಿನಯ. ತೊಳೆಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲವೆಂದು ಯೇಸು ಎಚ್ಚರಿಸಿದ ಮೇಲೆ, ಕೈಯನ್ನೂ ತಲೆಯನ್ನೂ ತೊಳೆಯೆಂದು ಬೇಡಿದ. ಬೇಡವೆಂದಾಗಲೂ ಬೇಕೆಂದಾಗಲೂ ನಿಯಮ ಹಾಕಿದವನು ಪೇತ್ರನೇ. ನಮ್ಮ ವಿನಯವೂ ಎಷ್ಟೋ ಸಲ ಹೀಗೆಯೇ ಅಲ್ಲವೇ? ಇನ್ನೊಬ್ಬರಿಗಾಗಿ ಹಗಲಿರುಳು ದುಡಿಯುತ್ತೇವೆ, ಅವರಿಂದ ಒಂದು ಲೋಟ ನೀರನ್ನೂ ಒಲ್ಲೆವು. ಕೊಡುತ್ತಲೇ ಇರುವವನು ಯಾವಾಗಲೂ ಒಂದು ಮೆಟ್ಟಿಲು ಮೇಲೆಯೇ ನಿಂತಿರುತ್ತಾನೆ. ಆ ಮೆಟ್ಟಿಲಿನಿಂದ ಇಳಿಯಲು ಮನಸ್ಸಿಲ್ಲದ ಸೇವೆಯನ್ನು ತ್ಯಾಗವೆನ್ನಬಹುದೇ?

ಫಿಲಿಪ್ಪಿಯ ಸಭೆಗೆ ಸೆರೆಯಿಂದ ಪತ್ರ ಬರೆದ ಪೌಲನಿಗೆ ಮೆಟ್ಟಿಲಿಳಿಯುವ ಈ ಕಷ್ಟ ತಿಳಿದಿತ್ತು. ರೋಮಿನ ನಿವೃತ್ತ ಸೈನಿಕರಿಗೆ ಭೂಮಿ ಕೊಟ್ಟು ನೆಲೆಗೊಳಿಸಿದ್ದ ಪಟ್ಟಣ ಅದು. ಪೌರತ್ವ, ಪದವಿ, ಬಿರುದುಗಳೇ ಅಲ್ಲಿ ಮನುಷ್ಯನ ತೂಕ. ಅಂಥವರ ಮುಂದೆ ಪೌಲ ಇಟ್ಟದ್ದು, ದಾಸನ ರೂಪ ತಾಳಿ ಶಿಲುಬೆಯ ಸಾವಿನವರೆಗೂ ತಗ್ಗಿದ ಕ್ರಿಸ್ತನನ್ನು. ಇಷ್ಟು ಎತ್ತರದ ಮಾತು ಕಡೆಗೆ ಯಾವ ನೆಲಕ್ಕೆ ಇಳಿಯಿತು? ಅದೇ ಪತ್ರದ ಕೊನೆಯ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಎಂಬಿಬ್ಬರು ಹೆಂಗಸರು ಒಮ್ಮನಸ್ಸಾಗಲಿ ಎಂದು ಅವನು ಬೇಡಿಕೊಳ್ಳುತ್ತಾನೆ. ಇಬ್ಬರೂ ಸುವಾರ್ತೆಗಾಗಿ ಅವನೊಂದಿಗೆ ಶ್ರಮಪಟ್ಟವರೇ. ನಮ್ಮ ಸಭೆಗಳಲ್ಲೂ ಮನಸ್ತಾಪ ಏಳುವುದು ದುಡಿಯುವವರ ನಡುವೆಯೇ: ಗಾಯನವೃಂದದಲ್ಲಿ ಯಾರು ಮುಂದಿನ ಸಾಲು, ಕಮಿಟಿಯಲ್ಲಿ ಯಾರ ಮಾತು ಮೇಲು, ದಾನಿಗಳ ಕಲ್ಲಿನಲ್ಲಿ ಯಾರ ಹೆಸರು ಮೊದಲು. ದೀನತೆಯ ಸಾಧನೆಗೆ ಮರಳುಗಾಡಿನ ಆಶ್ರಮವನ್ನೇ ಹುಡುಕಿಕೊಂಡು ಹೋಗಬೇಕೇ?

ಹಾಗೆಂದು ತನ್ನನ್ನು ತಾನೇ ಹಳಿದುಕೊಳ್ಳುವುದು ದೀನತೆಯಲ್ಲ. ಯೇಸು ಟವೆಲು ಕಟ್ಟಿಕೊಂಡದ್ದು ತಾನು ಎಲ್ಲಿಂದ ಬಂದವನು, ಎಲ್ಲಿಗೆ ಹೋಗುವವನು ಎಂಬುದನ್ನು ಬಲ್ಲವನಾಗಿಯೇ ಎಂದು ಯೋಹಾನನ ಸುವಾರ್ತೆ ಸ್ಪಷ್ಟವಾಗಿ ಹೇಳುತ್ತದೆ. ತನ್ನ ಬೆಲೆ ತಿಳಿದವನಿಗೆ ಅದನ್ನು ಸಾಬೀತು ಮಾಡುವ ಆತುರವಿಲ್ಲ. ಆದ್ದರಿಂದಲೇ ಅವನು ಬಾಗಬಲ್ಲ, ತನ್ನನ್ನು ಒಪ್ಪಿಸಿಕೊಡಲಿದ್ದ ಯೂದನ ಕಾಲಿನ ಮುಂದೆಯೂ. ಇನ್ನೊಂದನ್ನೂ ಮರೆಯದಿರೋಣ: ಅಂದು ಬಾಗಿದವನು ಗುರು. ಮೊದಲೇ ಬಾಗಿದವರಿಗೆ, ಮನೆಯಲ್ಲಿ ದನಿಯಿಲ್ಲದ ಹೆಣ್ಣಿಗೆ, ಜಾತಿಯ ಹೆಸರಲ್ಲಿ ಹಿಂದಿನ ಬೆಂಚಿಗೆ ತಳ್ಳಲ್ಪಟ್ಟವನಿಗೆ ನಾವು ದೀನತೆಯನ್ನು ಬೋಧಿಸಿದರೆ, ಅದು ಸುವಾರ್ತೆಯನ್ನು ತಲೆಕೆಳಗು ಮಾಡಿದಂತೆ.

2013ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಮೊದಲ ಪವಿತ್ರ ಗುರುವಾರವನ್ನು ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಆಚರಿಸಿದರು. ಅವರು ತೊಳೆದ ಕಾಲುಗಳಲ್ಲಿ ಹುಡುಗಿಯರವೂ ಮುಸ್ಲಿಮರವೂ ಇದ್ದವು. ವಿಧಿಯ ನಿಯಮವೇ ಬದಲಾಗಿ ಹೆಂಗಸರಿಗೂ ಅವಕಾಶ ದೊರೆತದ್ದು 2016ರಲ್ಲಿ. ಆ ಪೋಪರ ದೀನತೆಯನ್ನು ಲೋಕವೆಲ್ಲ ಕೊಂಡಾಡಿತು. ತಮ್ಮ ತಪ್ಪು ಊರಿಗೆಲ್ಲ ಗೊತ್ತಿದ್ದೂ ಕಾಲು ಮುಂದೆ ಚಾಚಿದ ಆ ಮಕ್ಕಳ ಧೈರ್ಯವನ್ನು ನಾವು ಯಾವ ಹೆಸರಿನಿಂದ ಕರೆಯೋಣ?

ಕಾಲು ತೊಳೆದಾದ ಮೇಲೆ ಯೇಸು ಉಡುಪು ಧರಿಸಿ ತನ್ನ ಸ್ಥಾನದಲ್ಲಿ ಕುಳಿತ. ಗುರುವೆಂಬ ಹೆಸರನ್ನು ನಿರಾಕರಿಸಲಿಲ್ಲ. ನೀವೂ ಒಬ್ಬರ ಕಾಲನ್ನೊಬ್ಬರು ತೊಳೆಯಿರಿ ಎಂದ. ಎಲ್ಲರೂ ತೊಳೆಯುವವರೇ ಆದರೆ ಆ ಆಜ್ಞೆ ನೆರವೇರುವುದಾದರೂ ಹೇಗೆ? ಕಿರಿಯರು ತಿದ್ದಿದಾಗ ತಿದ್ದಿಕೊಳ್ಳುವುದು, ಕಾಯಿಲೆ ಬಿದ್ದಾಗ ಆರೈಕೆಗೆ ಮೈಯೊಪ್ಪಿಸುವುದು, ಕೈಲಾಗದಿದ್ದಾಗ ಕೈಲಾಗದೆಂದು ಬಾಯಿಬಿಟ್ಟು ಹೇಳುವುದು, ಇವೂ ಕ್ರಿಸ್ತನ ಹಾದಿಯ ಸಾಧನೆಗಳೇ. ಹಣವನ್ನೂ ಸಮಯವನ್ನೂ ಬಿಟ್ಟುಕೊಟ್ಟ ಮೇಲೂ ನಮ್ಮ ಬಳಿ ಒಂದು ಆಸ್ತಿ ಉಳಿದಿರುತ್ತದೆ: ತಾನು ಕೊಡುವವನೆಂಬ ಹಿರಿಮೆ. ಸ್ವಾರ್ಥ ಬಿಗಿಯಾಗಿ ಹಿಡಿದಿರುವುದು ಅದನ್ನೇ. ಅದನ್ನೂ ಆಗೀಗ ಪಕ್ಕದವರಿಗೆ ಬಿಟ್ಟುಕೊಡೋಣ.