ಇಲ್ಲಿ ಎಲ್ಲ ಕ್ಷೇಮ

ಊರು ಬಿಟ್ಟು ಬಂದವನು ಮೊದಲು ಕಲಿಯುವ ವಾಕ್ಯ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳಿಬಿಡುತ್ತೇನೆ: 'ಇಲ್ಲಿ ಎಲ್ಲ ಕ್ಷೇಮ.' ಹಿಂದಿ, ಮರಾಠಿ ಎಲ್ಲ ಆಮೇಲೆ ಬರುತ್ತವೆ. ಈ ವಾಕ್ಯ ಮಾತ್ರ ಬಸ್ಸು ಇಳಿದ ದಿನವೇ ಬಾಯಿಗೆ ಬರುತ್ತದೆ. ಇನ್‌ಲ್ಯಾಂಡ್ ಲೆಟರಿನ ಕಾಲದಲ್ಲಿ ಅದನ್ನು ಬರೆಯುತ್ತಿದ್ದೆವು, ಈಗ ಮೊಬೈಲಿನಲ್ಲಿ ಹೇಳುತ್ತೇವೆ. ಅದು ನಿಜವೋ ಸುಳ್ಳೋ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. 2012ರ ಬೇಸಿಗೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಅದನ್ನು ನನ್ನ ಬಾಯಿಂದ ಹೇಳಿಸಿದ ಮೇಲೆ ಕೇಳಿಕೊಳ್ಳಬೇಕಾಯಿತು.

ಆ ಹುಡುಗ ನನ್ನ ತಂಗಿಯ ಮಗ. ಊರು ಕುಂದಾಪುರದ ಹತ್ತಿರ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಆಮೇಲೆ ಪೇಟೆಯ ಹೈಸ್ಕೂಲು. ಲೆಕ್ಕದಲ್ಲಿ ಅವನಿಗೆ ಎದುರಿಲ್ಲ ಅಂತ ಊರೆಲ್ಲ ಹೇಳುತ್ತಿತ್ತು. ಮೊದಲನೇ ಪಿಯುಸಿಯಲ್ಲಿ ಇರುವಾಗ ಗಣಿತ ಒಲಿಂಪಿಯಾಡಿನ ಪ್ರಾದೇಶಿಕ ಪರೀಕ್ಷೆ ದಾಟಿದ, ರಾಷ್ಟ್ರಮಟ್ಟದ್ದನ್ನೂ ದಾಟಿದ. ದೇಶದಲ್ಲೆಲ್ಲ ಸುಮಾರು ಮೂವತ್ತು ಹೊಸ ಮಕ್ಕಳನ್ನು ಆರಿಸಿ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ತರಬೇತಿ ಶಿಬಿರಕ್ಕೆ ಆಗ ಕರೆಯುತ್ತಿದ್ದರು. ಆ ಪಟ್ಟಿಯಲ್ಲಿ ಇವನ ಹೆಸರು ಬಂತು. ಶಿಬಿರ ಆಗ ನಡೆಯುತ್ತಿದ್ದದ್ದು ಮುಂಬಯಿಯ ಮಾನ್‌ಖುರ್ದ್‌ನಲ್ಲಿ, ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ. ತಂಗಿ ಫೋನು ಮಾಡಿ, "ಅಣ್ಣ, ನೀನು ಇದ್ದಿ ಅಂತ ಧೈರ್ಯದಲ್ಲಿ ಕಳಿಸ್ತಾ ಇದ್ದೇನೆ. ಅವ ಇಷ್ಟರವರೆಗೆ ಮನೆ ಬಿಟ್ಟು ಎರಡು ರಾತ್ರಿ ಕಳೆದವ ಅಲ್ಲ" ಅಂದಳು.

ಮತ್ಸ್ಯಗಂಧ ರೈಲಿನಲ್ಲಿ ಬಂದವನನ್ನು ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿಸಿಕೊಂಡು ಶಿಬಿರದ ಗೇಟಿನವರೆಗೆ ಬಿಟ್ಟು ಬಂದೆ. ಚೀಲದಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಜೊತೆಗೆ 'ಚಾಲೆಂಜ್ ಆ್ಯಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್' ಅನ್ನುವ ದಪ್ಪ ಪುಸ್ತಕ. ಅದನ್ನು ಬರೆದ ನಾಲ್ವರಲ್ಲಿ ಇಬ್ಬರು, ಪ್ರಾಣೇಶಾಚಾರ್ ಮತ್ತು ವೆಂಕಟಾಚಲ, ಬೆಂಗಳೂರಿನವರು, ಎಷ್ಟೋ ವರ್ಷ ಒಲಿಂಪಿಯಾಡಿನ ಮಕ್ಕಳನ್ನು ತಯಾರು ಮಾಡಿದವರು ಅಂತ ಅವನೇ ಹೇಳಿದ. ಭಾರತ ಈ ಸ್ಪರ್ಧೆಗೆ 1989ರಿಂದ ತಂಡ ಕಳಿಸುತ್ತಿದೆ, 1996ರಲ್ಲಿ ಸ್ಪರ್ಧೆ ನಡೆದದ್ದೇ ಮುಂಬಯಿಯಲ್ಲಿ ಅಂತಲೂ ಅವನಿಂದಲೇ ನನಗೆ ಗೊತ್ತಾದದ್ದು. ಇಷ್ಟು ವರ್ಷ ಈ ಊರಲ್ಲಿ ಇದ್ದೂ ನನಗೆ ಅದರ ಸುದ್ದಿ ಇರಲಿಲ್ಲ.

ಮೊದಲ ವಾರ ಅವನ ದನಿಯಲ್ಲಿ ಸಂಭ್ರಮ. ಬೆಳಿಗ್ಗೆ ಪಾಠ, ಮಧ್ಯಾಹ್ನ ಲೆಕ್ಕ ಬಿಡಿಸುವುದು, ಸಂಜೆ ಆಟ, ರಾತ್ರಿ ಮತ್ತೆ ಲೆಕ್ಕ. ಬೀಜಗಣಿತ, ರೇಖಾಗಣಿತ, ಸಂಖ್ಯಾಸಿದ್ಧಾಂತ, ಎಣಿಕೆಯ ಲೆಕ್ಕಗಳು ಅಂತ ನಾಲ್ಕು ಭಾಗ. ಕೋಲ್ಕತ್ತ, ದೆಹಲಿ, ಚೆನ್ನೈ, ಪುಣೆಯ ಹುಡುಗರು. ಊಟದ ತಟ್ಟೆ ಹಿಡಿದುಕೊಂಡೇ ತ್ರಿಕೋನ ವೃತ್ತ ಅಂತ ಜಗಳ, ಕೈ ತೊಳೆಯುವಷ್ಟರಲ್ಲಿ ಇನ್ಯಾರೋ ಬಿಡಿಸಿ ಮುಗಿಸಿರುತ್ತಾರಂತೆ. "ಮಾವ, ಇಲ್ಲಿ ಲೆಕ್ಕದ ಬಗ್ಗೆ ಮಾತಾಡಿದ್ರೆ ಯಾರೂ ನಗೂದಿಲ್ಲ" ಅಂದ. ಆ ಒಂದು ಮಾತಿಗೆ ಅಂಥ ಶಿಬಿರಗಳು ಇರಬೇಕು ಅಂತ ನನಗೆ ಅನ್ನಿಸಿತು. ಊರಲ್ಲಿ ಅವನ ಜಾಣತನಕ್ಕೆ ಚಪ್ಪಾಳೆ ಹೊಡೆಯುವವರು ಇದ್ದರು, ಅದನ್ನು ಹಂಚಿಕೊಳ್ಳುವವರು ಇರಲಿಲ್ಲ.

ಎರಡನೇ ವಾರ ಫೋನು ಕಡಿಮೆಯಾಯಿತು. ಭಾನುವಾರ ನೋಡಿಕೊಂಡು ಬರೋಣ ಅಂತ ಡೊಂಬಿವಲಿಯಿಂದ ಹೊರಟೆ. ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್. ಕುರ್ಲಾದಿಂದ ಬಸ್ಸು ಹಿಡಿದು ಬೆವರು ಸುರಿಸಿಕೊಂಡು ತಲುಪಿದಾಗ ಹುಡುಗ ಗೇಟಿನ ಹತ್ತಿರ ನಿಂತಿದ್ದ. ಹೊರಗೆ ಕರೆದುಕೊಂಡು ಹೋಗಿ ಕಬ್ಬಿನ ಹಾಲು ಕೊಡಿಸಿದೆ. ಅರ್ಧ ಗ್ಲಾಸು ಕುಡಿದು, "ಪರೀಕ್ಷೆ ಆಯ್ತು ಮಾವ. ಇಪ್ಪತ್ತೊಂದಕ್ಕೆ ಎರಡು" ಅಂದ.

ಒಲಿಂಪಿಯಾಡಿನ ಪರೀಕ್ಷೆ ಎರಡು ದಿನ. ದಿನಕ್ಕೆ ನಾಲ್ಕೂವರೆ ಗಂಟೆ, ಮೂರೇ ಪ್ರಶ್ನೆ, ಒಂದಕ್ಕೆ ಏಳು ಅಂಕ. ಒಟ್ಟು ನಲವತ್ತೆರಡು. ಶಿಬಿರದ ಪರೀಕ್ಷೆಗಳೂ ಅದೇ ಅಚ್ಚಿನವು. ಕೊನೆಗೆ ಆರೇ ಜನ ತಂಡಕ್ಕೆ. ಆ ವರ್ಷ ಸ್ಪರ್ಧೆ ಅರ್ಜೆಂಟೀನಾದಲ್ಲಿ. ಮಿಕ್ಕವರು ತಮ್ಮ ತಮ್ಮ ಊರಿಗೆ. ಇದರಲ್ಲಿ ಮೋಸ ಇಲ್ಲ, ಮೊದಲೇ ಗೊತ್ತಿದ್ದ ಲೆಕ್ಕವೇ. ಆದರೆ ಹುಟ್ಟಿದಾಗಿನಿಂದ ಮೊದಲನೆಯವನಾಗಿ ಇದ್ದವನಿಗೆ ಹಾಗೆ ಅನ್ನಿಸುವುದಿಲ್ಲ. "ನನ್ನ ರೂಮಿನವ ನಾನು ಪ್ರಶ್ನೆ ಓದಿ ಮುಗಿಸುವುದರೊಳಗೆ ಉತ್ತರ ಬರೀತಾನೆ. ನಾನು ಜಾಣ ಅಲ್ಲ ಮಾವ. ನಮ್ಮೂರಲ್ಲಿ ಬೇರೆ ಯಾರೂ ಇರ್ಲಿಲ್ಲ, ಅಷ್ಟೆ" ಅಂದ. ಆಮೇಲೆ ದನಿ ಇಳಿಸಿ, "ಅಮ್ಮಂಗೆ ಹೇಳ್ಬೇಡಿ. ಎಲ್ಲ ಚೆನ್ನಾಗಿ ಆಗ್ತಾ ಉಂಟು ಅಂತ ಹೇಳಿ" ಅಂದ.

ಆ ರಾತ್ರಿ ತಂಗಿಯ ಫೋನು ಬಂತು. "ಅವ ಹೇಗಿದ್ದಾನೆ ಅಣ್ಣ? ಸರಿ ಊಟ ಮಾಡ್ತಾನಾ? ಪರೀಕ್ಷೆ ಹೇಗಾಯ್ತಂತೆ?" ನನ್ನ ಬಾಯಿ ಒಂದು ಕ್ಷಣವೂ ಯೋಚಿಸಲಿಲ್ಲ. "ಎಲ್ಲ ಚೆನ್ನಾಗಿದೆ. ಒಳ್ಳೆ ಮಾಡ್ತಾ ಇದ್ದಾನೆ" ಅಂದುಬಿಟ್ಟೆ.

ಅಷ್ಟು ಸಲೀಸಾಗಿ ಅದು ಹೇಗೆ ಬಂತು? ಅಭ್ಯಾಸದಿಂದ. ನಾನು ಮುಂಬಯಿಗೆ ಬಂದದ್ದು 1976ರಲ್ಲಿ, ಹದಿಮೂರನೇ ವಯಸ್ಸಿಗೆ. ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಹಗಲು ಗ್ಲಾಸು ತೊಳೆಯುವುದು, ರಾತ್ರಿ ಕನ್ನಡ ಶಾಲೆ. ನಮ್ಮ ಕರಾವಳಿಯ ಸಾವಿರಾರು ಹುಡುಗರು ಅಕ್ಷರ ಕಂಡದ್ದು ಮುಂಬಯಿಯ ಅಂಥ ರಾತ್ರಿ ಶಾಲೆಗಳಲ್ಲಿ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವುಗಳನ್ನು ನಡೆಸಿದವು. ಆ ಋಣ ದೊಡ್ಡದು. 1978ರಲ್ಲಿ ನನಗೆ ಕಾಮಾಲೆ ಆಗಿ ಒಂದು ತಿಂಗಳು ಮಲಗಿದ್ದೆ. ಮನೆಗೆ ಬರೆದದ್ದು 'ಇಲ್ಲಿ ಎಲ್ಲ ಕ್ಷೇಮ.' 1981ರಲ್ಲಿ ಎಸ್ಸೆಸ್ಸಿ ಪರೀಕ್ಷೆಯಲ್ಲಿ ಲೆಕ್ಕದಲ್ಲೇ ಫೇಲಾದೆ. ಮನೆಗೆ ಬರೆದದ್ದು 'ಪಾಸಾಗಿದ್ದೇನೆ.' ಅಮ್ಮ ನೆರೆಮನೆಯವರಿಗೆಲ್ಲ ಸಕ್ಕರೆ ಹಂಚಿದಳಂತೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದೆ. ಹಾಗಾಗಿ ಸುಳ್ಳು ಐದಾರು ತಿಂಗಳಲ್ಲಿ ನಿಜವಾಯಿತು ಅಂತ ಸಮಾಧಾನ ಮಾಡಿಕೊಂಡೆ. ಅಮ್ಮ 1994ರಲ್ಲಿ ತೀರಿಕೊಂಡಳು. ಅವಳಿಗೆ ನಾನು ಈ ವಿಷಯ ಹೇಳಲೇ ಇಲ್ಲ.

ಇದು ತಪ್ಪೇ? ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರ ಒಂದು ಲೇಖನದಲ್ಲಿ, ಕೊಲೆಗಾರನೇ ಬಾಗಿಲಿಗೆ ಬಂದು ನಿನ್ನ ಗೆಳೆಯ ಎಲ್ಲಿ ಅಂತ ಕೇಳಿದರೂ ಸುಳ್ಳು ಹೇಳುವ ಹಕ್ಕು ನಿನಗಿಲ್ಲ ಅಂತ ವಾದಿಸಿದ. ನಮ್ಮಂಥವರಿಗೆ ಅದು ಅತಿ ಅನ್ನಿಸುತ್ತದೆ. ನೋವಾಗುವ ನಿಜವನ್ನು ಹೇಳದೆ ಇರುವುದೇ ಮರ್ಯಾದೆ ಅಂತ ನಮ್ಮ ಹಿರಿಯರು ಕಲಿಸಿದ್ದಾರೆ. ಇನ್ನೂರು ಹರದಾರಿ ಆಚೆ ಇರುವ ತಾಯಿಗೆ ಮಗನ ಕಾಮಾಲೆಯ ಸುದ್ದಿ ತಿಳಿದರೆ ಏನು ಮಾಡಿಯಾಳು? ಬಂದು ಗಂಜಿ ಕೊಡಲಾರಳು. ರಾತ್ರಿ ನಿದ್ದೆ ಮಾತ್ರ ಕೆಡಿಸಿಕೊಳ್ಳುತ್ತಾಳೆ. ಉಪಕಾರವಿಲ್ಲದ ಸತ್ಯಕ್ಕಿಂತ ಅಪಕಾರವಿಲ್ಲದ ಸುಳ್ಳು ಮೇಲಲ್ಲವೆ? ಊರು ಬಿಟ್ಟವರೆಲ್ಲರ ವಾದ ಇದೇ, ನನ್ನದೂ ಇದೇ ಆಗಿತ್ತು.

ಆದರೆ ಕನ್ನಡದ ಮಕ್ಕಳಾದ ನಮಗೆ ಪುಣ್ಯಕೋಟಿ ಗೊತ್ತು. ಹುಲಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡದ್ದನ್ನೇ ನಾವು ಎಲ್ಲರೂ ಹೇಳುತ್ತೇವೆ. ನಾನು ಆ ವಾರ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಯೋಚಿಸಿದ್ದು ಬೇರೆ. ಅವಳು ಕರುವಿಗೆ ಏನು ಹೇಳಿದಳು? 'ಮೇಯಲು ಹೋಗಿ ಬರುತ್ತೇನೆ ಮಗಾ' ಅಂತ ಹೇಳಿ ಸುಮ್ಮನೆ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಹಾಲು ಕುಡಿಸಿ, ಹುಲಿಯ ಬಾಯಿಗೆ ಹೋಗುತ್ತಿದ್ದೇನೆ ಅಂತ ನಿಜವನ್ನೇ ಹೇಳಿದಳು. ಹುಲಿಗೆ ಸತ್ಯ ಹೇಳುವುದು ಒಂದು ಬಗೆಯ ಧೈರ್ಯ. ಕರುವಿಗೆ ಹೇಳುವುದು ಅದಕ್ಕಿಂತ ಕಷ್ಟದ್ದು. ನಾವು ಹೊರಗಿನವರ ಹತ್ತಿರ ಸತ್ಯವಂತರು, ಬಾಡಿಗೆ, ಬಾಕಿ, ಲೆಕ್ಕಪತ್ರ ಎಲ್ಲ ಚೊಕ್ಕ. ಮನೆಯವರ ಹತ್ತಿರ ಮಾತ್ರ ನಾಲಿಗೆ ಜಾರುತ್ತದೆ.

ಮೂರನೇ ಭಾನುವಾರ ಹೋದಾಗ ಹುಡುಗನ ಮುಖ ಸ್ವಲ್ಪ ಗೆಲುವಾಗಿತ್ತು. ಅಂಕ ಹೆಚ್ಚೇನೂ ಬಂದಿರಲಿಲ್ಲ. ರೂಮಿನ ಬಂಗಾಳಿ ಹುಡುಗ ರಾತ್ರಿ ಕೂತು ಒಂದು ಲೆಕ್ಕ ವಿವರಿಸಿದ್ದನಂತೆ, ಇವನು ಅವನಿಗೆ ಉಪ್ಪಿನಕಾಯಿ ಕೊಟ್ಟಿದ್ದನಂತೆ. ನನ್ನನ್ನು ಕಳಿಸಲು ಮಾನ್‌ಖುರ್ದ್ ಸ್ಟೇಷನ್ನಿಗೆ ಬಂದವನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದು ಹಳೆಯ ಲೆಕ್ಕ ಹೇಳಿಕೊಟ್ಟ. ಶಿಬಿರಕ್ಕೆ ಬರುವ ಎಲ್ಲರಿಗೂ ಗೊತ್ತಿರುವ, ಅವರ ಮಟ್ಟಕ್ಕೆ ತೀರ ಸುಲಭದ್ದಂತೆ. ಯಾವ ಆರು ಜನರನ್ನೇ ತೆಗೆದುಕೊಳ್ಳಿ, ಅವರಲ್ಲಿ ಪರಸ್ಪರ ಪರಿಚಯ ಇರುವ ಮೂವರಾದರೂ ಇರುತ್ತಾರೆ, ಇಲ್ಲವೇ ಪರಸ್ಪರ ಪರಿಚಯವೇ ಇಲ್ಲದ ಮೂವರಾದರೂ ಇರುತ್ತಾರೆ.

"ಆರರಲ್ಲಿ ಒಬ್ಬ ನೀವು ಅಂತಿಟ್ಕೊಳ್ಳಿ ಮಾವ. ಉಳಿದವರು ಐದು. ಅವರನ್ನು ನಿಮಗೆ ಗೊತ್ತಿರುವವರು, ಗೊತ್ತಿಲ್ಲದವರು ಅಂತ ಎರಡು ಪಾಲು ಮಾಡಿದ್ರೆ ಒಂದು ಪಾಲಿನಲ್ಲಿ ಮೂರು ಜನ ಬರ್ಲೇಬೇಕು. ಮೂವರು ಗೊತ್ತಿರುವವರು ಅಂತಿಟ್ಕೊಳ್ಳಿ. ಅವರೊಳಗೆ ಯಾರಾದ್ರೂ ಇಬ್ಬರಿಗೆ ಪರಿಚಯ ಇದ್ರೆ ನಿಮ್ಮನ್ನು ಸೇರಿಸಿ ಪರಿಚಯದ ಮೂವರಾಯ್ತು. ಯಾರಿಗೂ ಯಾರ ಪರಿಚಯವೂ ಇಲ್ವಾ, ಆ ಮೂವರೇ ಅಪರಿಚಿತರು. ಮೂವರು ಗೊತ್ತಿಲ್ಲದವರಾದ್ರೂ ಇದೇ ರೀತಿ, ತಿರುಗಿಸಿ ಹೇಳಿದ್ರಾಯ್ತು."

ಲೆಕ್ಕದಲ್ಲಿ ಫೇಲಾದ ನನಗೆ ಅದು ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿರಬೇಕು, ಹುಡುಗ ಇಷ್ಟಗಲ ನಕ್ಕ. ಒಂದು ಟ್ರೇನು ಬಿಟ್ಟೆವು. ಆಗ ಅವನಿಗೆ ಹೇಳಿದೆ: "ನೋಡು, ಈಗ ನಿನಗೆ ಆದ ಖುಷಿಗೆ ಎಷ್ಟನೇ ನಂಬರು ಅಂತ ಯಾರಾದ್ರೂ ಕೇಳಿದ್ರಾ? ನೀನು ಊರಲ್ಲಿ ಮೊದಲನೆಯವ ಆದದ್ದು ಬೇರೆಯವರು ಇರಲಿಲ್ಲ ಅಂತ. ಇಲ್ಲಿ ಹಿಂದೆ ಉಳಿದದ್ದು ಬೇರೆಯವರು ಇದ್ದಾರೆ ಅಂತ. ಎರಡೂ ನಿನ್ನ ಲೆಕ್ಕವನ್ನು ಮುಟ್ಟುವುದಿಲ್ಲ." ಮಾತು ಚೆನ್ನಾಗಿಯೇ ಇತ್ತು. ಆದರೆ ನನ್ನೊಳಗೆ ಚುಚ್ಚಿತು. ನಂಬರು ದೊಡ್ಡದಲ್ಲ ಅಂತ ಮಗನಿಗೆ ಉಪದೇಶ ಮಾಡುವವನು ಅದೇ ನಂಬರನ್ನು ತಾಯಿಯಿಂದ ಮುಚ್ಚಿಡುತ್ತಿದ್ದೇನಲ್ಲ? ದೊಡ್ಡದಲ್ಲದಿದ್ದರೆ ಮುಚ್ಚಿಡುವುದು ಯಾಕೆ? ನಾವು ಮುಚ್ಚಿಟ್ಟದ್ದೇ ಹುಡುಗನಿಗೆ ಅದು ನಾಚಿಕೆಯ ವಿಷಯ ಅಂತ ಕಲಿಸಿದಂತೆ ಆಯಿತು. ಸಮಾಧಾನದ ಮಾತು ಆಮೇಲಿನದು.

"ಅಮ್ಮಂಗೆ ನೀನೇ ಹೇಳು. ನನ್ನಿಂದ ಇನ್ನು ಆಗೂದಿಲ್ಲ" ಅಂದೆ. ಅವನು ಮಾತಾಡಲಿಲ್ಲ. ಮರುದಿನ ರಾತ್ರಿ ಹೇಳಿದನಂತೆ.

ಆಮೇಲೆ ತಂಗಿ ನನಗೆ ಫೋನು ಮಾಡಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳ ದನಿ ತಣ್ಣಗಿತ್ತು. "ಅವನಿಗೆ ಮಾರ್ಕು ಕಡಿಮೆ ಬಂದದ್ದಕ್ಕೆ ನಂಗೆ ಏನೂ ಇಲ್ಲ ಅಣ್ಣ. ನೀನು ಸುಳ್ಳು ಹೇಳಿದ್ದಕ್ಕೂ ಅಷ್ಟೇನಿಲ್ಲ. ಇದನ್ನು ನಾನು ತಡ್ಕೊಳ್ಳಲಿಕ್ಕಿಲ್ಲ ಅಂತ ನೀವಿಬ್ಬರೂ ಸೇರಿ ತೀರ್ಮಾನ ಮಾಡಿದ್ದೀರಲ್ಲ, ಅದಕ್ಕೆ ಬೇಜಾರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಎಸ್ಸೆಸ್ಸಿದ್ದೂ ಅಮ್ಮಂಗೆ ಗೊತ್ತಿತ್ತು. ನಿನ್ನ ಹೋಟೆಲಿನಿಂದ ರಜೆಗೆ ಬಂದವ ಹೇಳಿದ. ಕಾಗದ ಓದಿ ಹೇಳ್ತಾ ಇದ್ದದ್ದು ನಾನೇ ಅಲ್ವಾ. ನಿಂಗೆ ಬರೀಬೇಡ, ಅಷ್ಟು ದೂರದಲ್ಲಿ ಇರುವವ ಬೇಜಾರು ಮಾಡ್ಕೊಳ್ತಾನೆ ಅಂದ್ಲು" ಅಂದಳು.

ಅಂದರೆ ಹದಿಮೂರು ವರ್ಷ ನಾನು ಅಮ್ಮನಿಂದ ಮುಚ್ಚಿಟ್ಟೆ, ಅಮ್ಮ ತನಗೆ ಗೊತ್ತಿದೆ ಅನ್ನುವುದನ್ನು ನನ್ನಿಂದ ಮುಚ್ಚಿಟ್ಟಳು. ಇಬ್ಬರದ್ದೂ ಪ್ರೀತಿಯೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಪ್ರೀತಿಯ ನಡುವೆ ನಾವು ಕೂತು ಮಾತಾಡಬಹುದಾಗಿದ್ದ ಒಂದು ಸಂಜೆ ಹೋಯಿತು. ಫೇಲಾದ ದಿನ ನಾನು ಎಲ್ಲಿ ಕೂತು ಅತ್ತೆ ಅಂತ ಅವಳಿಗೆ ಹೇಳಬಹುದಿತ್ತು. ಹಂಚಿದ ಸಕ್ಕರೆಗೆ ಇಬ್ಬರೂ ನಗಬಹುದಿತ್ತು. ಹುಡುಗನ ಲೆಕ್ಕದ ಪ್ರಕಾರ ನಾವು ಪರಿಚಿತರ ಪಾಲಿಗೆ ಸೇರುತ್ತೇವೋ ಅಪರಿಚಿತರ ಪಾಲಿಗೋ ಅಂತ ನನಗೆ ಈಗಲೂ ಸಂಶಯ.

ನೋವಾಗದಿರಲಿ ಅಂತ ಹೇಳುವ ಸುಳ್ಳನ್ನು ನಾನು ಪಾಪ ಅನ್ನುವುದಿಲ್ಲ. ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ಅಂಥದ್ದು ಬೇಕಾದೀತು. ಆದರೆ ಅದಕ್ಕೆ ಒಂದು ಬೆಲೆ ಇದೆ, ಆ ಬೆಲೆ ತೆರುವವರು ನಾವು ಯಾರನ್ನು ಕಾಪಾಡಲು ಹೊರಟೆವೋ ಅವರೇ. ನಮ್ಮ ಕಷ್ಟದಲ್ಲಿ ಪಾಲು ಕೇಳುವ ಅವರ ಹಕ್ಕನ್ನು ನಾವು ಕಿತ್ತುಕೊಳ್ಳುತ್ತೇವೆ. ದೂರ ಇರುವವರಿಗೆ ಬೇರೆ ಏನು ಕೊಡಲಾಗದಿದ್ದರೂ ಅದೊಂದನ್ನು ಕೊಡಬಹುದು.

ಹುಡುಗ ತಂಡಕ್ಕೆ ಆಯ್ಕೆಯಾಗಲಿಲ್ಲ. ಕುರ್ಲಾ ಟರ್ಮಿನಸ್ಸಿನಲ್ಲಿ ರೈಲು ಹತ್ತಿಸುವಾಗ ಅವನ ಚೀಲದಲ್ಲಿ ಉಪ್ಪಿನಕಾಯಿ ಇರಲಿಲ್ಲ, ಬಂಗಾಳಿ ಹುಡುಗ ಕೈಬರಹದಲ್ಲಿ ಬರೆದುಕೊಟ್ಟ ಲೆಕ್ಕಗಳ ನೋಟುಬುಕ್ಕು ಇತ್ತು. ಈಗ ಅವನು ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ತಂಗಿ ಫೋನಿನಲ್ಲಿ ಹೇಗಿದ್ದಿ ಅಂತ ಕೇಳಿದರೆ ಕೆಲವು ದಿನ "ಇವತ್ತು ಅಷ್ಟು ಸರಿ ಇಲ್ಲ ಅಮ್ಮ" ಅನ್ನುತ್ತಾನಂತೆ. ಅದನ್ನು ಹೇಳುವಾಗ ತಂಗಿಯ ದನಿಯಲ್ಲಿ ಚಿಂತೆ ಇರುತ್ತದೆ, ಜೊತೆಗೆ ಸಣ್ಣ ಹೆಮ್ಮೆಯೂ ಇರುತ್ತದೆ. ನನಗೆ ಮಾತ್ರ ಇನ್ನೂ ಅಭ್ಯಾಸ ತಪ್ಪಿಲ್ಲ. ಮೊನ್ನೆ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿ ಬಂದ ಸಂಜೆ ತಂಗಿಯ ಫೋನು ಬಂತು. 'ಎಲ್ಲ ಕ್ಷೇಮ' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ತಡೆದು, "ಮಂಡಿ ನೋವು ಮಾರಾಯ್ತಿ, ಮೆಟ್ಟಿಲು ಹತ್ತಲಿಕ್ಕೆ ಆಗೂದಿಲ್ಲ" ಅಂದೆ. ಆಮೇಲೆ ಅರ್ಧ ಗಂಟೆ ಮಾತಾಡಿದೆವು.