ಹಣೆಬರಹವಲ್ಲ, ಪೆಡಲ್

ಇಂದಿನ ಧಮ್ಮ ಚಿಂತನೆ

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಶಾಲೆಗೆ ಪಕ್ಕದ ಹಳ್ಳಿಯಿಂದ ಸೈಕಲ್‌ನಲ್ಲಿ ಬರುವ ಹುಡುಗಿಯೊಬ್ಬಳು ಮೂರು ದಿನ ಬರಲಿಲ್ಲ. ಮನೆಗೆ ಹೋದೆ. ಮಳೆಯಲ್ಲಿ ಕಾಲು ಜಾರಿ ಸೈಕಲ್‌ನಿಂದ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳು. "ಏನ್ ಮಾಡೋದು ಮೇಷ್ಟ್ರೇ, ಅವಳ ಹಣೇಲಿ ಓದು ಬರೆದಿಲ್ಲ. ಸೈಕಲ್ಲೂ ಬೇಡ, ಸ್ಕೂಲೂ ಬೇಡ" ಎಂದರು ಅಜ್ಜಿ.

ಸೈಕಲ್ ನೋಡಿದೆ. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಅವಳ ಅಕ್ಕನಿಗೆ ಸಿಕ್ಕಿದ್ದು. ಸವೆದು ಸವೆದು ಎಡ ಪೆಡಲ್ ಒಡೆದುಹೋಗಿ, ನಡುವಿನ ಕಬ್ಬಿಣದ ಕಡ್ಡಿ ಮಾತ್ರ ಉಳಿದಿತ್ತು. ಅದರ ಮೇಲೇ ಚಪ್ಪಲಿಯಿಟ್ಟು ತುಳಿಯುತ್ತಿದ್ದಳು. ಬೀಳಿಸಿದ್ದು ಹಣೆಬರಹವೇ?

ದುಃಖವಿದೆ, ಅದಕ್ಕೆ ಕಾರಣವಿದೆ, ಕಾರಣ ನೀಗಿದರೆ ದುಃಖ ನೀಗುತ್ತದೆ, ನೀಗುವ ದಾರಿಯೂ ಇದೆ. ಇದು ಬುದ್ಧರ ಬೋಧನೆ. ಹಿಂದಿನ ಜನ್ಮದ ಕರ್ಮವೇ ಇಂದಿನ ಕಷ್ಟಕ್ಕೆ ಕಾರಣವೆಂಬುದನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಆ ಒಂದು ಮಾತಿನಿಂದಲೇ ನಮ್ಮ ಹಿರಿಯರ ಬಾಯಿ ಮುಚ್ಚಿಸಿದ್ದರು.

ಹೊಸ ಪೆಡಲ್ ತಂದೆ. ಚಪ್ಪಲಿ ಪೂರ್ತಿ ಕೂರುವಷ್ಟು ಅಗಲ, ಮೇಲೆ ರಬ್ಬರ್ ಇರುವಂಥದ್ದು. ನುಣುಪಾದದ್ದು ಮಳೆಯಲ್ಲಿ ಜಾರುತ್ತದೆ. ಸ್ಪ್ಯಾನರನ್ನು ಅವಳ ಕೈಗೇ ಕೊಟ್ಟೆ. ಎಷ್ಟು ಬಲ ಹಾಕಿದರೂ ಎಡಗಡೆಯದು ಬಿಚ್ಚಲಿಲ್ಲ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಸ್ಪ್ಯಾನರಿನ ಹಿಡಿ ಮೇಲಕ್ಕಿಟ್ಟು ಮುಂದಿನ ಚಕ್ರದ ಕಡೆ ತಿರುಗಿಸಿದರೆ ಎರಡೂ ಪೆಡಲ್ ಬಿಗಿ, ಹಿಂದಿನ ಚಕ್ರದ ಕಡೆ ತಿರುಗಿಸಿದರೆ ಎರಡೂ ಸಡಿಲ. ಇದು ಗೊತ್ತಾದ ಮೇಲೆ ತಾನೇ ಬಿಚ್ಚಿದಳು. ತಿಳಿಯದೆ ಹಾಕಿದ ಬಲ ಥ್ರೆಡ್ ತಿನ್ನುತ್ತದೆ. ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ದೃಷ್ಟಿ ಮೊದಲು, ಸಮ್ಯಕ್ ವ್ಯಾಯಾಮ ಆಮೇಲೆ.

ತುಕ್ಕು ಹಿಡಿದು ಕಚ್ಚಿಕೊಳ್ಳದಿರಲೆಂದು ಥ್ರೆಡ್‌ಗೆ ಗ್ರೀಸ್ ಹಚ್ಚಿ ಕೂರಿಸಿದೆವು. ಇನ್ನು ವಾರಕ್ಕೊಮ್ಮೆ ಪೆಡಲ್ ಹಿಡಿದು ಅಲುಗಾಡಿಸಿ ನೋಡಬೇಕು. ಥ್ರೆಡ್‌ನಲ್ಲಿ ಸಡಿಲವಾಗಿದ್ದರೆ ಬಿಗಿ ಮಾಡಬೇಕು. ಬಿಗಿಯಾಗಿದ್ದೂ ಅಲುಗಾಡಿದರೆ, ಕಟಕಟ ಎಂದರೆ, ಒಳಗಿನ ಬಾಲ್‌ಗಳನ್ನು ಸೈಕಲ್ ಶಾಪಿನಲ್ಲಿ ತೋರಿಸಬೇಕು.

ಒಂದು ತಪ್ಪೊಪ್ಪಿಗೆ. ದಿನವೂ ಗೇಟಿನಲ್ಲಿ ಅವಳನ್ನು ನೋಡುತ್ತಿದ್ದೆ, ಚೆನ್ನಾಗಿ ಓದಮ್ಮ ಎನ್ನುತ್ತಿದ್ದೆ. ಅವಳ ಕಾಲ ಕೆಳಗೆ ಏನಿದೆ ಎಂದು ನೋಡಲಿಲ್ಲ. ಅದು ಪಮಾದ, ಎಚ್ಚರಗೇಡಿತನ. ಬುದ್ಧರು ಕೊನೆಯದಾಗಿ ಹೇಳಿಹೋದದ್ದು ಅಪ್ಪಮಾದವನ್ನು, ಎಚ್ಚರ ತಪ್ಪದಿರುವುದನ್ನು.

ಸೋಮವಾರ ಅವಳು ಶಾಲೆಗೆ ಬಂದಳು, ಸೈಕಲ್‌ನಲ್ಲೇ.

ಇಂದಿನ ಅಭ್ಯಾಸ: ನಿಮ್ಮ ಮನೆಯ, ನಿಮ್ಮ ಬೀದಿಯ ಮಕ್ಕಳ ಸೈಕಲ್ ಪೆಡಲನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಯಾರಾದರೂ ಹಣೆಬರಹ ಎಂದರೆ, ಕಾರಣ ಎಲ್ಲಿದೆ ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.