ಹಿಟ್ಟಿನ ಹುಂಜ

ದಸರೆ ರಜೆಗೆ ಬೆಂಗಳೂರಿನಿಂದ ಬಬಲೇಶ್ವರಕ್ಕೆ ಬಂದ ಮೊಮ್ಮಗ ಚೀಲದಿಂದ ಒಂದು ಪೊಟ್ಟಣ ತೆಗೆದ. ಮೇಲೆ ದಪ್ಪಕ್ಷರದಲ್ಲಿ ‘ವೆಜ್ ಮಟನ್ ಕೀಮಾ’ ಎಂದಿತ್ತು. ಮೂಲೆಯಲ್ಲಿ ಹಸಿರು ಚೌಕ, ಅದರೊಳಗೆ ಹಸಿರು ಚುಕ್ಕಿ. ನನ್ನಾಕೆ ಅದನ್ನು ಅಡುಗೆಮನೆ ಹೊಸ್ತಿಲ ಈಚೆಗೇ ತಡೆದಳು.

“ಆಯಿ, ಅದು ಬರೇ ಸೋಯಾ. ನೀ ಮೀಲ್ ಮೇಕರ್ ಪಲ್ಯಾ ಮಾಡ್ತೀಯಲ್ಲ, ಅದನ.”

“ಹಂಗಾದ್ರ ಮೀಲ್ ಮೇಕರ್ ಅಂತ ಬರೀಲಿ. ಮಟನ್ ಅಂತ ಯಾಕ ಬರದಾರ?”

ಅವಳ ಮಾತು ತೆಗೆದುಹಾಕುವಂಥದ್ದಲ್ಲ. ನಮ್ಮ ಮನೆಯಲ್ಲಿ ಲಿಂಗಕ್ಕೆ ತೋರಿಸಿದ ಮೇಲೆಯೇ ಪದಾರ್ಥ ಪ್ರಸಾದವಾಗುವುದು. ಸೋಯಾ ತೋರಿಸಬಹುದು, ಮಟನ್ ಎಂಬ ಹೆಸರಿನದನ್ನು ತೋರಿಸಲು ಅವಳಿಗೆ ಕೈ ಬರಲಿಲ್ಲ.

ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಇಂಥ ಜಗಳದಲ್ಲಿ ಜನ್ನನೇ ನೆನಪಾಗಬೇಕು. 1209ರ ‘ಯಶೋಧರ ಚರಿತೆ’ಯಲ್ಲಿ ಚಂದ್ರಮತಿ ತನ್ನ ಮಗ, ರಾಜ ಯಶೋಧರನಿಗೆ, ದೇವಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ, ಅವನು ಒಲ್ಲೆ ಎನ್ನುತ್ತಾನೆ. ಕೊನೆಗೆ ಇಬ್ಬರೂ ಒಪ್ಪಿದ್ದು ಹಿಟ್ಟಿನ ಹುಂಜಕ್ಕೆ. ಕತ್ತಿ ಬಿದ್ದಾಗ ಅದು ಕೂಗುತ್ತದೆ! ಮುಂದೆ ತಾಯಿ ಮಗ ಇಬ್ಬರೂ ನವಿಲು, ನಾಯಿಯಿಂದ ಹಿಡಿದು ಕೋಳಿಗಳಾಗುವವರೆಗೆ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಸಂಕಲ್ಪದಲ್ಲಿ ಕೊಂದರೂ ಕೊಂದಂತೆಯೇ ಎಂದು ತರಗತಿಯಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದ್ದೆನೋ!

ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ರಾತ್ರಿ ಅಂಗಳದಲ್ಲಿ ಹುಡುಗ ಮೆಲ್ಲಗೆ ಹೇಳಿದ: “ಮುತ್ಯಾ, ಹಾಸ್ಟೆಲಿನ್ಯಾಗ ನಾ ಖರೇ ಮಟನ್ನ ತಿಂತಿದ್ದೆ. ಇದು ಸಿಕ್ಕ ಮ್ಯಾಲ ಬಿಟ್ಟೀನಿ.” ಯಶೋಧರ ಹಿಟ್ಟಿಗೆ ಕತ್ತಿ ಎತ್ತಿದ್ದು ಒಂದು ಜೀವ ಕೊಟ್ಟೆನೆಂದು ದೇವಿಗೆ ತೋರಿಸಲು. ಇವನು ಯಾರಿಗೂ ಏನೂ ತೋರಿಸುತ್ತಿಲ್ಲ, ಕೊಲೆಯಿಂದ ಹಿಂದೆ ಸರಿಯುತ್ತಿದ್ದಾನೆ, ನಾಲಗೆಯಷ್ಟೇ ಇನ್ನೂ ಸರಿದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ಹೆಸರಿನ ಬಗ್ಗೆ ಸರ್ಕಾರವೂ ತಲೆಕೆಡಿಸಿಕೊಂಡಿದೆ. ಸೋಯಾ, ಬಾದಾಮಿ ಪಾನೀಯಗಳಿಗೆ ಹಾಲು ಎಂಬ ಹೆಸರು ಸಲ್ಲದು ಎಂದು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪಟ್ಟುಹಿಡಿಯಿತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಹೇಳಿದ್ದು: ಪದಾರ್ಥದಲ್ಲಿ ಬಳಸಿದ್ದು ಗಿಡದ್ದೋ ಪ್ರಾಣಿಯದ್ದೋ ಎಂದು ಬಿಡಿಸಿ ಬರೆಯಬೇಕು, ಬರೀ ಸಂಕೇತ ಸಂಖ್ಯೆ ಸಾಲದು. ಅಲ್ಲಿ ಚರ್ಚೆಗೆ ಬಂದದ್ದು ರುಚಿ ಹೆಚ್ಚಿಸುವ ಇ631. ಅದನ್ನು ಮಾಂಸ, ಮೀನಿನಿಂದಲೂ ತೆಗೆಯುತ್ತಾರೆ, ಗಿಡಮೂಲದಿಂದಲೂ ತೆಗೆಯುತ್ತಾರೆ. ‘ವೆಜ್ ಮಟನ್’ ಎಂಬ ಹೆಸರು ಕೂಗಿ ಹೇಳಿಕೊಳ್ಳುತ್ತದೆ, ಬೇಡವಾದವರು ಬಿಡಬಹುದು. ಸಣ್ಣ ಅಕ್ಷರದ ಸಂಖ್ಯೆ ಕೂಗುವುದಿಲ್ಲ. ನನ್ನಾಕೆಗೆ ಇದನ್ನು ಹೇಳಿದರೆ, “ಎರಡೂ ಬ್ಯಾಡ” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಮರುದಿನ ಖಂಡೇಪೂಜೆ. ಟ್ರ್ಯಾಕ್ಟರ್ ತೊಳೆದು, ಚೆಂಡುಹೂ ಕಟ್ಟಿ, ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿದೆ. ಗಾಲಿಯ ಮುಂದೆ ಒಡೆದಾಗ ತಿರುಳೆಲ್ಲ ಕೆಂಪು. ವರ್ಷಾ ವರ್ಷಾ ಮಾಡಿದ್ದೇ, ಆದರೆ ಈ ಸಲ ಮೊಮ್ಮಗ ಪಕ್ಕದಲ್ಲಿ ನಿಂತಿದ್ದ.

“ಮುತ್ಯಾ, ಕುಂಕುಮ ಯಾಕ?”

ನಾನು ಗಾಲಿ ಕಡೆ ನೋಡಿದೆ. “ಕುಂಬಳಕಾಯಿ ಕುಂಬಳಕಾಯೇನ, ಸುಮ್ನಿರು” ಎಂದು ನನ್ನಾಕೆ ಗದರಿದಳು. ಆದರೆ ಒಡೆದ ಹೋಳುಗಳಲ್ಲಿ ಒಂದನ್ನೂ ಪಲ್ಯಕ್ಕೆಂದು ಒಳಗೆ ತರಲಿಲ್ಲ.